ಬ್ಯಾರೆ ಗಿರಾಕಿ ಕೇಳ್ಯಾನ

ನಮ್ಮವ್ವನಾಣೆ, ಪೂನಂ, ಇದರಾಗ ಒಂದಕ್ಷರ ಸುಳ್ಳಿಲ್ಲ! ಯಾಕ ನಗ್ತಿ? ಖಾಡಿ ನೀರಿನ್ಯಾಗಿನ ಫ್ಲೆಮಿಂಗೋ ಹಕ್ಕಿ ನನ್ನ ಹೆಸರು ಹಿಡಿದು ಕರೀತು ಅಂದಿದ್ದೆ, ಖರೇ, ಅದು ಬ್ಯಾರೆ ಮಾತು. ಇದು ಹಂಗಲ್ಲ. ನಿನ್ನ ಸೀಟು ತಪ್ಪಿಸಿದವ ರಂಜನ್. ಹೂಂ, ನಿಮ್ಮ ಕಾಲೇಜಿನ್ಯಾಗ ಕಲಸೂ ನಿನ್ನ ಉಡುಪಿ ದೋಸ್ತ ರಂಜನ್! ಐದು ವರ್ಷ ಒಂದ ಡಬ್ಬಿಯೊಳಗ ಉಂಡವ!

ಚಾ ಕುಡಿ, ಆರತದ. ಒಲ್ಲ್ಯಾ? ಬಿಡು.

ಹೆಂಗ ಗೊತ್ತಾತು ಅಂದ್ರ... ಐತವಾರ ನಮ್ಮ ಐರೋಲಿ ಕನ್ನಡ ಸಂಘದಾಗ ನಿಮ್ಮ ಕಾಲೇಜಿನ ಡೀನ್ ಸಾಹೇಬರಿಗೆ ಸನ್ಮಾನ ಇತ್ತಲ್ಲ? ಶಾಲು ಹೊದಿಸಿದವ ಯಾರು? ನಿನ್ನ ಕಾಕಾ, ಈ ಶಂಕರೆಪ್ಪ! ನಾ ಹೊದಿಸಿದ ಗತ್ತಿಗೆ ಆ ಮನಷ್ಯಾ ಒಂದು ತಾಸು ಶಾಲು ತೆಗೀಲಿಲ್ಲ, ಇಂಥಾ ಸೆಕಿಯೊಳಗ! ಆಮ್ಯಾಲೆ ಊಟದ ಪಂಕ್ತಿಯಾಗ ಅವರ ಬಗಲಿಗೇ ಕುಂತೆ. ಹೋಳಿಗಿ ಮುರಕೋತ ಅವರೇ ಅಂದ್ರು, ಹೊಸದಾಗಿ ಕಲಸಾಕ ಬಂದ ಡಾಕ್ಟರಗಳಿಗೆ ಒಂದು ವರ್ಷದ ಲೀಡರ್‌ಶಿಪ್ ಟ್ರೇನಿಂಗ್ ಅದ, ಕಾಲೇಜಿಗೆ ಒಂದ ಸೀಟು, ಪೂನಂ ಹೆಸರು ಮ್ಯಾಲದ ಅಂತ. ಇತ್ತು ನೋಡು, ಮ್ಯಾಲೇ ಇತ್ತು!

ಅಷ್ಟರಾಗ ಈ ರಂಜನ್ ಬಂದು ಅವರ ಕಿವಿ ಊದಿದ. 'ಆಕಿ ಎಲ್ಲಿರ್ತಾಳ್ರಿ ಸರ? ಲಂಡನ್ ದವಾಖಾನಿಯವರು ಕರದಾರ, ಟಿಕೀಟ್ ಆಗೇದ, ಕಿಟಕಿ ಪಕ್ಕದ ಸೀಟು, ಉಪ್ಪಿನಕಾಯಿ ಭರಣಿಗೇ ಬ್ಯಾರೆ ಲಗೇಜು!' ಟ್ರೇನಿಂಗ್ ಮುಗದ ಮ್ಯಾಲೆ ಎರಡು ವರ್ಷ ಇದೇ ಕಾಲೇಜಿನ್ಯಾಗ ಇರಬೇಕಂತ ಷರತ್ತು ಅದ. ಸಾಹೇಬರಾದರೂ ಏನ ಮಾಡ್ಯಾರು? ಸೋಮವಾರ ನಿನ್ನ ಹೆಸರಿಗೆ ಗೆರಿ ಹೊಡದ್ರು, ಅವಂದು ಬರದ್ರು.

ದಗಾ! ಇದಕ್ಕ ದಗಾ ಅನ್ನದ ಏನಂತಾರ? ಮೂರು ತಿಂಗಳು ಕುಂತು ಆ ಅರ್ಜಿ ಬರದಿದ್ದಿ. ಪೇಶಂಟಿನ ಮನಿಯವರಿಗೆ ಕೆಟ್ಟ ಸುದ್ದಿ ಹೆಂಗ ಹೇಳಬೇಕು ಅಂತ ಹೊಸ ಡಾಕ್ಟರಗಳಿಗೆ ಕಲಸೂ ಯೋಜನಾ ಅದರಾಗಿತ್ತು. ನನಗೇ ಓದಿ ಹೇಳಿದ್ದಿ. ನಿಂತು ಹೇಳಬ್ಯಾಡ, ಕೂಡು. ಕಣ್ಣಾಗ ಕಣ್ಣಿಟ್ಟು ನೋಡು. ಸೀದಾ ಹೇಳು, ಕಥಿ ಕಟ್ಟಬ್ಯಾಡ...

ಹಾಂ? ಯಾಕ ಹಂಗ ನೋಡ್ತಿ? ಹಚ್ಚು ಅವಗ ಫೋನು, ಉಗಿ! ಅಯ್ಯ, ಫೋನ್ ಯಾಕ ಡಬ್ಬ ಹಾಕಿದಿ?

ಉಪ್ಪಿನಕಾಯಿ ಭರಣಿ... ಅಂವ ಹೇಳಿರಬಹುದಲ್ಲ? ಅವರ ಕಡೆಯವರೂ ಉಪ್ಪಿನಕಾಯಿ ಹಾಕ್ತಾರ... ಕಿಟಕಿ ಪಕ್ಕದ ಸೀಟೂ...

ಪೂನಂ. ಹುಟ್ಟಿದಾಗಿಂದ ನಾ ಕನ್ನಡದಾಗ ಕೇಳಿದ್ದಕ್ಕ ಹಿಂದಿಯಾಗ ಉತ್ತರ ಕೊಟ್ಟಾಕಿ ನೀ. ಹಿಂದಿಯಾಗಾದರೂ ಬೈಯಿ.

ತಡಿ. ಕೂಡ್ತೀನಿ.

ನಾ ಸೀರಿ ಅಂಗಡಿಯವ. ಗಿರಾಕಿ ಹಿಂದ ಮುಂದ ನೋಡಿದ್ರ, 'ಈ ಇಳಕಲ್ ಸೀರಿ ಬ್ಯಾರೆಯವರು ಕೇಳಿ ಹೋಗ್ಯಾರ್ರಿ' ಅಂತೀವಿ. ಟಪ್ಪನ ಕೈ ಹಾಕ್ತಾರ. ಮೂವತ್ತು ವರ್ಷದಾಗ ಈ ಮಾತು ಒಮ್ಮೆನೂ ಸೋತಿಲ್ಲ. ನಿನ್ನ ಕಿಮ್ಮತ್ತು ಏರಲಿ ಅಂತ ಆ ಲಂಡನ್ ಮಾತು... 'ಛೇ, ಛೇ, ಆಕಿನ್ನ ಬಿಡಬಾರದು' ಅಂತಾರ ಸಾಹೇಬರು ಅನಕೊಂಡೆ. ಅವರು 'ಹೌದಾ? ಒಳ್ಳೇದಾಗಲಿ' ಅಂದು ಎಲಿ ಮಡಚಿ ಎದ್ರು. ಇಡೀ ಐರೋಲಿಯಾಗ ನನ್ನ ಮಾತು ಒಬ್ಬರೂ ನಂಬಂಗಿಲ್ಲ. ಆ ಒಬ್ಬ ಮನಷ್ಯಾ ನಂಬಿಬಿಟ್ಟ.

ಶಾಲು ಖರೇ. ಹೋಳಿಗಿ ಖರೇ. ಒಂದು ಸಣ್ಣ ಮಾತಷ್ಟ ನಾ ಕಟ್ಟಿದ್ದು, ಪೂನಂ.

ಆ ಪಂಕ್ತಿಯೊಳಗ ರಂಜನ್ ಇರಲಿಲ್ಲ.