ಗುಂಡಿ ಏನನ್ನೂ ಕೇಳುವುದಿಲ್ಲ

ಸಭೆಯ ಅಧ್ಯಕ್ಷತೆ ವಹಿಸಿರುವ ಶ್ರೀ ಚನಿಯಪ್ಪನವರೇ, ಮೆಲ್ಕಾರಿನ ಈ ಗ್ರಂಥಾಲಯವನ್ನು ಸ್ವಂತ ಮನೆಯಂತೆ ನೋಡಿಕೊಳ್ಳುತ್ತಿರುವ ಗ್ರಂಥಪಾಲಕಿ ಶ್ರೀಮತಿ ಜಲಜಾಕ್ಷಿಯವರೇ, ವೇದಿಕೆಯ ಮೇಲಿನ ಗಣ್ಯರೇ, ಊಟದ ಹೊತ್ತು ಮೀರಿದರೂ ಎದ್ದು ಹೋಗದ ಸಭಿಕರೇ,

ಮುನ್ನೂರ ಹನ್ನೆರಡು ಪುಸ್ತಕಗಳನ್ನು ದಾನ ಮಾಡಿದ ಅಬ್ದುಲ್ ರವೂಫ್ ಮಾಸ್ಟರು ದೊಡ್ಡ ಮನಸ್ಸಿನವರು ಎಂದು ಈಗಷ್ಟೇ ಮೂವರು ಹೇಳಿದರು. ನನಗೆ ಶಾಲು ಹೊದಿಸಿದ್ದೀರಿ, ಹಣ್ಣಿನ ಬುಟ್ಟಿ ಕೊಟ್ಟಿದ್ದೀರಿ. ನಾನು ಸುಮ್ಮನೆ ಕುಳಿತಿದ್ದರೆ ಆಗುತ್ತಿತ್ತು. ಆದರೆ ಮೂವತ್ತೊಂದು ವರ್ಷ ಕನ್ನಡ ಮಾಸ್ಟರಾಗಿದ್ದವನಿಗೆ ತಪ್ಪು ಕಂಡರೆ ತಿದ್ದದೆ ಇರಲಾಗುವುದಿಲ್ಲ.

ಆ ಪುಸ್ತಕಗಳನ್ನು ನಾನು ಯಾಕೆ ಕೊಟ್ಟೆ? ದೊಡ್ಡ ಮನಸ್ಸಿನಿಂದ ಕೊಟ್ಟೆನೇ? ಅಲ್ಲ. ಒಂದು ಗುಂಡಿಯ ದೆಸೆಯಿಂದ ಕೊಟ್ಟೆ.

ಎರಡು ವರ್ಷದ ಹಿಂದೆ, ಎರಡು ಸಾವಿರದ ಏಳರಲ್ಲಿ, ನನಗೆ ಪಕ್ಷವಾತ ಬಡಿಯಿತು. ನಾಲಗೆ ಉಳಿಯಿತು, ಅದು ನಿಮ್ಮ ದುರದೃಷ್ಟ. ಬಲಗೈ ಹೋಯಿತು. ಎಡಗೈಯಲ್ಲಿ ಪುಸ್ತಕ ಹಿಡಿಯಬಹುದು, ಆದರೆ ಹಿಡಿದ ಕೈಯಿಂದಲೇ ಪುಟ ಮಗುಚುವುದು ಹೇಗೆ? ಮೇಜಿನ ಮೇಲಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಗಲ್ಲದಿಂದ ಮಗುಚಿ ನೋಡಿದೆ, ಪುಟ ಹರಿಯಿತು. ಕೊನೆಗೆ ನನ್ನ ಮಡದಿ ರುಖಿಯಮ್ಮ ಪಕ್ಕದಲ್ಲಿ ಬಂದು ಕುಳಿತಳು.

ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಮದ್ರಸದಲ್ಲಿ ಕಲಿತ ಅರಬಿ ಅಕ್ಷರ ಮಾತ್ರ ಬರುತ್ತದೆ. ಅದು ಬಲದಿಂದ ಎಡಕ್ಕೆ ಹೋಗುವ ಬರಹ. ಹಾಗಾಗಿ ಮೊದಲ ದಿನ ಅವಳು ಪುಟ ಮಗುಚಿದ್ದೂ ಉಲ್ಟಾ. ಕಾದಂಬರಿಯಲ್ಲಿ ಮದುವೆ ಮುಗಿದಿತ್ತು, ಮಗುಚಿದಾಗ ನೋಡುತ್ತೇನೆ, ಪುನಃ ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತಿದೆ.

ಎರಡನೇ ದಿನ ಅವಳು ಒಂದು ಷರತ್ತು ಹಾಕಿದಳು. "ಈ ಪುಟದಲ್ಲಿ ಏನುಂಟು ಅಂತ ಹೇಳಿ. ಮತ್ತೆ ಮಗುಚ್ತೇನೆ."

ಹೇಳದಿದ್ದರೆ ಕೈಕಟ್ಟಿ ಕುಳಿತುಬಿಡುತ್ತಿದ್ದಳು. ಪ್ರತಿ ಪುಟವನ್ನೂ ನಾನು ನಮ್ಮ ಬ್ಯಾರಿ ಭಾಷೆಯಲ್ಲಿ ಹೇಳಬೇಕು. ಎರಡು ಮಾತಿನಲ್ಲಿ ಮುಗಿಸಿದರೆ, "ಇಷ್ಟು ಅಕ್ಷರ ಉಂಟು, ನೀವು ಹೇಳಿದ್ದು ಇಷ್ಟೇನಾ?" ಎಂದು ಹಿಡಿಯುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ದಿನಕ್ಕೆ ಹತ್ತು ಪುಟ ದಾಟುತ್ತಿರಲಿಲ್ಲ.

ಈ ವರ್ಷ ರಜೆಗೆ ಬಂದ ಮಗ ಫಯಾಝ್ ದುಬಾಯಿಯಿಂದ ಇ-ಬುಕ್ ರೀಡರ್ ತಂದ. ಅದರಲ್ಲಿ ಕನ್ನಡ ಹಾಕಿದರೆ ಬರೀ ಚೌಕಗಳು ಕಾಣುತ್ತವೆ. ಆದ್ದರಿಂದ ಅವನು ಇಪ್ಪತ್ತು ಪುಸ್ತಕಗಳ ಪುಟಗಳನ್ನು ಚಿತ್ರ ತೆಗೆದು ಸೇರಿಸಿಕೊಟ್ಟ. ಎಡ ಅಂಚಿನಲ್ಲಿ ಒಂದು ಗುಂಡಿ. ಎಡಗೈಯ ಹೆಬ್ಬೆರಳು ಸರಿಯಾಗಿ ಅದರ ಮೇಲೆಯೇ ಕೂರುತ್ತದೆ. ಒತ್ತಿದರೆ ಟಿಕ್ ಎಂಬ ಸದ್ದು, ಮುಂದಿನ ಪುಟ. ಯಾರ ಹಂಗೂ ಇಲ್ಲ. ಎರಡು ವರ್ಷದ ಮೇಲೆ ನಾನೊಬ್ಬನೇ ಓದಿದೆ, ಓದಿ ಅತ್ತೆ. ಆ ಗುಂಡಿ ಮಾಡಿದವನಿಗೆ ಒಳ್ಳೆಯದಾಗಲಿ ಎಂದು ಇವತ್ತಿಗೂ ಹಾರೈಸುತ್ತೇನೆ.

ಆ ಉತ್ಸಾಹದಲ್ಲಿ, ಇನ್ನು ಕಾಗದದ ಪುಸ್ತಕ ನನಗೇಕೆ ಎಂದು ಎಲ್ಲವನ್ನೂ ಗೋಣಿಯಲ್ಲಿ ತುಂಬಿಸಿ ಇಲ್ಲಿಗೆ ಕಳುಹಿಸಿದೆ. ನನ್ನ ದಾನ ಇಷ್ಟೇ.

ಹೋದ ಶುಕ್ರವಾರ ಮಧ್ಯಾಹ್ನ ರುಖಿಯಮ್ಮ ನನ್ನ ಹತ್ತಿರ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನು ಟಿಕ್, ಟಿಕ್ ಎಂದು ಓದುತ್ತಿದ್ದೆ. ಅವಳು ಕೇಳಿದಳು, "ಆ ಗುಂಡಿ ನಿಮ್ಮ ಹತ್ರ ಏನೂ ಕೇಳುವುದಿಲ್ಲ, ಅಲ್ವಾ?"

ನಾನು ನಕ್ಕೆ. ಇನ್ನೊಂದು ಎಸಳು ಸುಲಿದಿಟ್ಟು ಅವಳು, "ಆ ದೋಣಿಯ ಹುಡುಗಿ ಏನಾದಳು? ನಡು ಹೊಳೆಯಲ್ಲಿ ಬಿಟ್ಟಿದ್ದೀರಿ," ಎಂದಳು.

ನನಗೆ ಯಾವ ಹುಡುಗಿ ಎಂದೇ ನೆನಪಾಗಲಿಲ್ಲ. ಫಯಾಝ್ ಬಂದ ದಿನ ನಾವು ಅರ್ಧಕ್ಕೆ ನಿಲ್ಲಿಸಿದ ಕಾದಂಬರಿ ಅದು. ಅವನು ಚಿತ್ರ ತೆಗೆದ ಇಪ್ಪತ್ತರಲ್ಲಿ ಅದಿಲ್ಲ. ಐದು ತಿಂಗಳಿಂದ ಇವಳು ಆ ಹುಡುಗಿ ದಡ ಸೇರುವುದನ್ನು ಕಾಯುತ್ತಿದ್ದಾಳೆ, ನಾನು ಪುಸ್ತಕವನ್ನೇ ಗೋಣಿಗೆ ಹಾಕಿದ್ದೇನೆ. ಪುಸ್ತಕದ ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮಲ್ಲಿ ಒಬ್ಬರು ನನಗಿಂತ ಮೊದಲು ಕೊಂಡುಹೋಗುತ್ತೀರಿ.

ಸಭಿಕರೇ, ನನ್ನ ಕೈಯಲ್ಲಿ ಕನ್ನಡ ಕಲಿತವರು ಈ ಸಭೆಯಲ್ಲೇ ಹತ್ತಾರು ಮಂದಿ ಇದ್ದೀರಿ. ನಮ್ಮ ಮದುವೆಯಾಗಿ ಮೂವತ್ತಾರು ವರ್ಷವಾಯಿತು. ಇಷ್ಟು ವರ್ಷದಲ್ಲಿ ಇವಳಿಗೆ ಒಂದು 'ಅ' ತೋರಿಸಿಕೊಟ್ಟೆನೇ? ಸಮಯ ಇರಲಿಲ್ಲ ಎಂದು ಹೇಳಬಹುದು. ಅದು ಸುಳ್ಳು. ನನಗೆ ಹೊಳೆಯಲೇ ಇಲ್ಲ. ಪುಟಪುಟಕ್ಕೂ ಅವಳು ಕೇಳುತ್ತಿದ್ದದ್ದು ಆ ಅಕ್ಷರವನ್ನೇ, ನಾನು ಅದನ್ನು ಕಿರಿಕಿರಿ ಎಂದುಕೊಂಡೆ. ನಾಚಿಕೆಯಾಗುತ್ತದೆ.

ಕೊಟ್ಟ ಪುಸ್ತಕವನ್ನು ಹಿಂದೆ ಕೇಳುವುದಿಲ್ಲ. ಇವತ್ತು ಬೆಳಿಗ್ಗೆ ಜಲಜಾಕ್ಷಿಯವರಿಂದ ಸದಸ್ಯತ್ವದ ಅರ್ಜಿ ಪಡೆದು ಎಡಗೈಯಲ್ಲಿ ಬರೆದಿದ್ದೇನೆ. ಹೆಸರು, ರುಖಿಯಮ್ಮ. ಊರು, ಮೆಲ್ಕಾರ್. ಮುಂದಿನ ಸಾಲು ವಿದ್ಯಾರ್ಹತೆ. ಅಲ್ಲಿ ನನ್ನ ಪೆನ್ನು ನಿಂತಿತು. ಖಾಲಿ ಬಿಟ್ಟಿದ್ದೇನೆ.

ಜಲಜಾಕ್ಷಿಯವರೇ, ಅದನ್ನು ದಯವಿಟ್ಟು ನೀವು ತುಂಬಿಸಬೇಡಿ. ಮೂರನೇ ಸಾಲಿನಲ್ಲಿ ಕುಳಿತು, ಇಷ್ಟು ಹೊತ್ತು ತಲೆ ತಗ್ಗಿಸಿ, ಈಗ ನನ್ನನ್ನೇ ನೋಡುತ್ತಿದ್ದಾಳಲ್ಲ, ಒಂದು ದಿನ ಅವಳೇ ಬಂದು ಕನ್ನಡದಲ್ಲಿ ಬರೆಯುತ್ತಾಳೆ. ಅಲ್ಲಿಯವರೆಗೆ ಅರ್ಜಿ ಅಪೂರ್ಣವೆಂದು ತಳ್ಳಿಹಾಕದೆ ಪುಸ್ತಕ ಕೊಡಬೇಕು. ಆ ಹುಡುಗಿ ಇನ್ನೂ ಹೊಳೆಯಲ್ಲಿದ್ದಾಳೆ.

ಹಸಿದ ಹೊಟ್ಟೆಯಲ್ಲಿ ಇಷ್ಟನ್ನು ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆಗಳು. ನಮಸ್ಕಾರ.