ಒಂದೂವರೆ ಪರ್ಸೆಂಟ್ ಅತ್ತೆ

...ಇಲ್ಲ ಅತ್ತೆ, ಕೂತ್ಕೊಳ್ಳಲ್ಲ. ಕೂತ್ರೆ ಅಳು ಬಂದ್ಬಿಡುತ್ತೆ. ನೀವು ಬಟಾಣಿ ಬಿಡಿಸ್ತಾ ಇರಿ, ನಾನು ನಿಂತೇ ಮಾತಾಡ್ತೀನಿ. ಇನ್ನೊಂದೇ ಒಂದು ಸಲ ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಬೆಳಿಗ್ಗೆ ಫೋನ್ ಬಂತಲ್ಲ, ಸರ್ವೇ ಹುಡುಗಿದು... ಯಾರಿಗೆ ವೋಟು ಅಂತ ಕೇಳಿದಾಗ ನೀವು ಏನಂದ್ರಿ? ಲಾಯರಮ್ಮನಿಗೆ ಅಂದ್ರಾ? ನಿಜವಾಗ್ಲೂ ಲಾಯರಮ್ಮನಿಗಾ?

ತಲೆ ಆಡಿಸ್ತೀರಿ! ಎಷ್ಟು ಸಲೀಸಾಗಿ ಆಡಿಸ್ತೀರಿ ನೋಡಿ!

ಯಾಕೆ ನಗ್ತೀರಿ? ನಗಬೇಡಿ ಅತ್ತೆ, ದಮ್ಮಯ್ಯ. ರಾಜ್ಯಾನೇ ಮಗುಚಿ ಹಾಕಿದೀರಿ ನೀವು. ಸುಮ್ಮನೆ ಹೇಳ್ತಿಲ್ಲ! ನಿನ್ನೆ ರಾತ್ರಿವರೆಗೂ ನಮ್ಮ ಸರ್ವೇಲಿ ಮೇಷ್ಟ್ರು ಮುಂದಿದ್ರು. ಐದು ವರ್ಷದಿಂದ ಆಳ್ತಿರೋ ಮನುಷ್ಯ, ಕೂದಲೆಳೆಯಷ್ಟಾದ್ರೂ ಮುಂದಿದ್ರು. ಇವತ್ತು ಬೆಳಿಗ್ಗೆ ನೀವು ಹಲ್ಲುಜ್ಜಿ, ಕಾಫಿ ಕುಡಿದು, ಫೋನೆತ್ತಿ ಒಂದು ಮಾತು ಆಡಿದ್ರಿ. ಅಷ್ಟೇ! ಲಾಯರಮ್ಮ ಮುಂದೆ! ಒಂದೂವರೆ ಪರ್ಸೆಂಟು ಅತ್ತೆ! ಇಡೀ ರಾಜ್ಯದ ಒಂದೂವರೆ ಪರ್ಸೆಂಟು ಈ ಅಡುಗೆಮನೇಲಿ, ಈ ಸ್ಟೂಲಿನ ಮೇಲೆ ಕೂತು ಬಟಾಣಿ ಬಿಡಿಸ್ತಿದೆ!

ಹೆಂಗೆ ಅಂದ್ರೆ... ತಾಳಿ, ನೀರು ಕುಡೀತೀನಿ.

ಹೆಂಗೆ ಅಂದ್ರೆ, ಒಂದು ಕ್ಲಾಸು ಅಂದ್ಕೊಳ್ಳಿ. ಟೀಚರು ಪಿಕ್ನಿಕ್‌ಗೆ ಎಲ್ಲಿಗೆ ಹೋಗೋಣ ಅಂತ ಮಕ್ಕಳನ್ನ ಕೇಳ್ತಾಳೆ. ಮುಂದಿನ ಸಾಲುಗಳೆಲ್ಲ ಭರ್ತಿ. ಕೊನೇ ಸಾಲಲ್ಲಿ ಮಾತ್ರ ಒಂದೇ ಒಂದು ಹುಡುಗಿ ಬಂದಿದಾಳೆ, ಮಿಕ್ಕವರೆಲ್ಲ ಗೈರು. ಹಾಗಂತ ಕೊನೇ ಸಾಲನ್ನ ಬಿಟ್ಬಿಡೋಕಾಗುತ್ತಾ? ಅದಕ್ಕೆ ಆ ಒಬ್ಬಳು ಏನು ಹೇಳ್ತಾಳೋ ಅದೇ ಇಡೀ ಸಾಲಿನ ಮಾತು ಅಂತ ಟೀಚರು ಲೆಕ್ಕ ಹಿಡೀತಾಳೆ. ಇದಕ್ಕೆ ನಮ್ಮಲ್ಲಿ ತೂಕ ಕೊಡೋದು ಅಂತೀವಿ. ನನ್ನ ಕೆಲಸವೇ ಅದು, ದಿನಾ ಕಂಪ್ಯೂಟರ್ ಮುಂದೆ ಕೂತು ತೂಕ ಕೊಡೋದು. ಕಾಲೇಜು ಹುಡುಗರಿಗೆ ಸ್ವಲ್ಪ, ಆಟೋದವರಿಗೆ ಸ್ವಲ್ಪ ಜಾಸ್ತಿ, ಹೀಗೆ.

ಆ ಕೊನೇ ಸಾಲಿನ ಹುಡುಗಿ ಯಾರು ಗೊತ್ತಾ? ನೀವು! ಅರವತ್ತೈದು ದಾಟಿದ, ಶಾಲೆ ಅರ್ಧಕ್ಕೇ ಬಿಟ್ಟ, ಕಾರ್ಖಾನೇಲಿ ದುಡಿದ ಹೆಂಗಸರು. ರಾಜ್ಯದ ತುಂಬ ಇದಾರೆ, ಆದ್ರೆ ನಮ್ಮ ಫೋನೆತ್ತೋರು ಮೂರು ಮತ್ತೊಂದು. ಗೊತ್ತಿಲ್ಲದ ನಂಬರು ಅಂದ್ರೆ ಕಟ್! ಮೊಮ್ಮಗನ ಕೈಗೆ ಕೊಟ್ಟುಬಿಡ್ತಾರೆ, ಇಲ್ಲ ಬ್ಯಾಂಕಿನೋರಾ ಅಂತ ಕೇಳಿ ಬೈತಾರೆ. ಹಂಗಾಗಿ ನೀವೊಬ್ಬರು ಬಾಯಿ ಬಿಟ್ರೆ ಲಕ್ಷಾಂತರ ಹೆಂಗಸರು ಬಾಯಿ ಬಿಟ್ಟ ಹಾಗೆ.

ಹುಬ್ಬು ಹಾರಿಸ್ತೀರಿ... ಹೂಂ, ಹಾರಿಸಿ, ಹಾರಿಸಿ. ಇವತ್ತು ನಿಮ್ಮ ದಿನ.

ಆಚೆ ಏನದು ಸದ್ದು? ಬಸ್ಸಾ. ನಾನು ಯಾರೋ ಬಂದ್ರೇನೋ ಅಂದ್ಕೊಂಡೆ. ಬೆಳಿಗ್ಗೆಯಿಂದ ಒಂದು ಸದ್ದಾದ್ರೆ ಸಾಕು, ಬಾಗಿಲ ಕಡೆ ತಿರುಗಿ ನೋಡ್ತೀನಿ.

ಈಗ ಕೇಳಿ, ಮುಖ್ಯವಾದ ಮಾತು. ನಮ್ಮ ಆಫೀಸಲ್ಲಿ ದೊಡ್ಡೋರಿದಾರಲ್ಲ, ಶೇಕಡಾ ಸಾರ್... ನಾವೇ ಇಟ್ಟ ಹೆಸರು. ಮಗಳ ಮದುವೆ ಗೊತ್ತಾಯ್ತಾ ಸಾರ್ ಅಂದ್ರೆ ಶೇಕಡಾ ಎಂಬತ್ತು ಗೊತ್ತಾದಂಗೆ ಅಂತಾರೆ, ಅಂಥ ಪ್ರಾಣಿ. ಅವರ ಕಣ್ಣಿಗೆ ಬಿದ್ದಿದೆ. ಒಂದೇ ಬೆಳಿಗ್ಗೇಲಿ ಮೇಷ್ಟ್ರು ಹಿಂದೆ ಬೀಳೋಕೆ ಏನಾಯ್ತು, ಭೂಕಂಪ ಆಯ್ತಾ ಅಂತ ನನ್ನನ್ನೇ ಕೇಳಿದ್ರು. ಸಾಯಂಕಾಲ ಟೀವಿಯವರು ನಮ್ಮ ನಂಬರು ಓದ್ತಾರೆ. ಪ್ರತಿ ಸುತ್ತಲ್ಲೂ ನಾವು ಕೇಳೋದು ಅದೇ ಜನರನ್ನ ಅಲ್ವಾ. ಅದಕ್ಕೆ ಟೀವಿಗೆ ಮುಂಚೆ, ಹೋದ ಸುತ್ತಿಂದ ಈಚೆ ಯಾರ್ಯಾರು ಮನಸ್ಸು ಬದಲಾಯಿಸಿದಾರೋ ಅವರಿಗೆಲ್ಲ ಇನ್ನೊಂದು ಸಲ ಫೋನ್ ಮಾಡಿ ಖಾತ್ರಿ ಮಾಡ್ಕೊಳ್ಳಿ ಅಂದಿದಾರೆ. ಆ ಪಟ್ಟೀಲಿ ನಿಮ್ಮ ನಂಬರು ನೋಡಿದ್ದೇ ನಾನು ತಲೆನೋವು ಅಂತ ಹೇಳಿ ಓಡಿ ಬಂದೆ. ಹುಡುಗಿ ಈಗ ಫೋನ್ ಮಾಡ್ತಾಳೆ ನಿಮಗೆ. ಯಾವ ಕ್ಷಣದಲ್ಲಾದ್ರೂ ಮಾಡ್ತಾಳೆ.

ನೀವು ಮಾಡಬೇಕಾದ್ದು ಇಷ್ಟೇ. ಬೆಳಿಗ್ಗೆ ಸರಿಯಾಗಿ ಕೇಳಿಸ್ಲಿಲ್ಲಮ್ಮ, ನನ್ನದು ಮೊದಲಿನ ಹಾಗೆ ಮೇಷ್ಟ್ರಿಗೇ ಅನ್ನಿ. ಒಂದೇ ಮಾತು. ವೋಟು ನೀವು ಆಮೇಲೆ ಯಾರಿಗೆ ಬೇಕಾದ್ರೂ ಹಾಕ್ಕೊಳ್ಳಿ, ಪರದೆ ಹಿಂದೆ ಯಾರು ಬಂದು ನೋಡ್ತಾರೆ?

ಇಲ್ವಾ? ಯಾಕೆ ಇಲ್ಲ? ಬರೀ ತಲೆ ಅಲ್ಲಾಡಿಸಿದ್ರೆ ಹೆಂಗೆ ಅತ್ತೆ? ನನ್ನ ಕೆಲಸ ಹೋಗುತ್ತೆ, ಗೊತ್ತಾ? ಉತ್ಪ್ರೇಕ್ಷೆ ಅಲ್ಲ. ನೀವು ಮತ್ತೆ ಲಾಯರಮ್ಮ ಅಂದ್ರೆ ಈ ಅಜ್ಜಿ ಯಾರು ಅಂತ ಕೆದಕ್ತಾರೆ. ಆಫೀಸಿನವರ ಮನೆಯೋರು ಯಾರೂ ಸರ್ವೇಲಿ ಇರಕೂಡದು ಅಂತ ನಿಯಮ ಇದೆ. ಕಂಪ್ಯೂಟರು ತನ್ನಷ್ಟಕ್ಕೆ ತಾನು ನಂಬರು ಆರಿಸುತ್ತೆ. ಲಾಟರಿ ಹೊಡೆದ ಹಾಗೆ ನಿಮ್ಮ ನಂಬರು ಬಂತು. ನಾನು ತೆಗೆದುಹಾಕಬೇಕಿತ್ತು. ತೆಗೀಲಿಲ್ಲ. ಆ ಸಾಲು ಅಷ್ಟು ಬಡವಾಗಿತ್ತು ಅತ್ತೆ, ಒಂದು ಹೆಸರು ಬಿಡೋಕೂ ಕೈ ಬರಲಿಲ್ಲ.

ಅದೇನು ಹಠ ನಿಮಗೆ? ಲಾಯರಮ್ಮ ಏನು ಕೊಟ್ಟಿದಾಳೆ ನಿಮಗೆ? ಆಕೆ ಟೀವೀಲಿ ಬಂದ್ರೆ ಸಾಕು, ಚಾನೆಲ್ ಬದಲಾಗುತ್ತೆ ಈ ಮನೇಲಿ! ನಿಮಗೆ ಆಕೆಯ ಕಿರುಚಾಟ ಆಗಲ್ಲ ಅಂತ...

ಏನು? ನನ್ನ ಕಡೆ ಯಾಕೆ ಬೆರಳು ತೋರಿಸ್ತೀರಿ?

ಹಾಂ... ರಿಮೋಟು ನನ್ನ ಕೈಲಿರುತ್ತೆ. ಸರಿ. ಬದಲಾಯಿಸೋಳು ನಾನೇ. ಆದ್ರೆ ನಿಮಗೆ ಇಷ್ಟ ಇಲ್ಲ ಅಂತಲೇ ಬದಲಾಯಿಸ್ತಿದ್ದೆ... ನೀವು ಒಂದಿನಾನೂ ಬೇಡ ಅನ್ನಲಿಲ್ಲವಲ್ಲ!

ಏನದು? ಆ ಡಬ್ಬ ಯಾಕೆ ತೋರಿಸ್ತೀರಿ? ಸೋಪಿನ ಡಬ್ಬ. ಹೂಂ, ನಿಮ್ಮ ಕಾರ್ಖಾನೇದು, ಗೊತ್ತು. ಬೀಗ ಹಾಕಿದ್ರಲ್ಲ, ನನ್ನ ಮದುವೆಗೆ ಮುಂಚೆ. ಪ್ಯಾಕಿಂಗ್ ಹೆಂಗಸರೆಲ್ಲ ಕೋರ್ಟಿಗೆ ಹೋಗಿದ್ರಂತೆ, ನಿಮ್ಮ ಮಗ ಯಾವಾಗಲೋ ಹೇಳಿದ್ರು... ಒಂದು ನಿಮಿಷ. ಆ ಕೇಸು... ನಿಮ್ಮ ಕೇಸು ನಡೆಸಿದ್ದು ಆಕೆಯಾ? ಇದೇ ಲಾಯರಮ್ಮನಾ?

ಹೌದಾ! ಆಕೆ ನಿಮಗೆ ಗೊತ್ತಾ? ಪರಿಚಯಾನಾ? ಮನೆಗೆ ಬಂದಿದ್ರಾ... ಇಲ್ಲಿಗೆ? ಈ ಅಡುಗೆಮನೆಗೆ?!

ಅಯ್ಯೋ ದೇವರೇ. ಇಷ್ಟು ವರ್ಷ ಒಂದೇ ಸೂರಿನ ಕೆಳಗಿದೀನಿ. ಒಂದು ದಿನ ಬಾಯಿ ಬಿಡಲಿಲ್ಲವಲ್ಲ ನೀವು! ಮೌನಗೌರಿ ಅಂದ್ರೆ ಮೌನಗೌರಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಎಷ್ಟು ಹೆದರಿದ್ದೆ ಗೊತ್ತಾ? ಅತ್ತೆಗೆ ನಾನು ಹಿಡಿಸಿಲ್ಲ, ಅದಕ್ಕೇ ಮಾತಾಡಲ್ಲ ಅಂತ. ಆಮೇಲೆ ಗೊತ್ತಾಯ್ತು, ನಿಮ್ಮ ಸ್ವಭಾವವೇ ಅದು ಅಂತ. ನಾನೋ ಮಾತಿನ ಮಲ್ಲಿ. ಇಬ್ಬರಿಗೂ ಸೇರಿಸಿ ನಾನೇ ಮಾತಾಡ್ತಿದ್ದೆ. ಚೆನ್ನಾಗೇ ನಡೀತಿತ್ತಲ್ಲ? ನಡೀತಿರಲಿಲ್ವಾ?

ಸರಿ, ಈಗ ಅದಲ್ಲ. ಈಗ ಫೋನು. ನೋಡಿ, ನಿಮ್ಮ ಮೇಲೆ ನನಗೆ ಬೇಜಾರಿಲ್ಲ. ಆದ್ರೆ ಮೊದಲಿನಿಂದಲೂ ನಿಮ್ಮದು ಮೇಷ್ಟ್ರು ಅಂತಲೇ ಬಂದಿದೆ. ಪ್ರತಿ ಸುತ್ತಲ್ಲೂ ಮೇಷ್ಟ್ರು, ಮೇಷ್ಟ್ರು, ಮೇಷ್ಟ್ರು. ಈಗ ದಿಢೀರಂತ ಲಾಯರಮ್ಮ ಅಂದ್ರೆ ಯಾರು ನಂಬ್ತಾರೆ? ಅಜ್ಜಿಗೆ ಅರಳುಮರುಳು ಅಂತಾರೆ. ಇಲ್ಲ, ಯಾರೋ ಹೇಳಿಕೊಟ್ಟಿದಾರೆ ಅಂತಾರೆ. ಮೊದಲು ಹೇಳಿದ್ದಕ್ಕೂ ಈಗ ಹೇಳಿದ್ದಕ್ಕೂ ಒಂದು ತಾಳಮೇಳ ಬೇಡ್ವಾ ಅತ್ತೆ?

ಯಾಕೆ ನಿಲ್ಲಿಸಿದ್ರಿ? ಬಿಡಿಸಿ... ಬಿಡಿಸ್ತಾ ಇರಿ.

ಹಾಗೆ ನೋಡಬೇಡಿ.

ಅತ್ತೆ, ಏನಾದ್ರೂ ಅನ್ನಿ. ಬೈಯಿರಿ ಬೇಕಾದ್ರೆ. ಹಾಗೆ ನೋಡಬೇಡಿ ಅಂದೆನಲ್ಲ...

ಬೆಳಿಗ್ಗೆ ಆ ಹುಡುಗಿ... ಹೋದ ಸಲದ ಹಾಗೇನಾ ಅಜ್ಜಿ ಅಂತ ಏನಾದ್ರೂ ಕೇಳಿದ್ಲಾ? ಕೇಳಿದ್ಲಾ. ಹೂಂ. ಕೇಳ್ತಾರೆ, ಕೇಳೋದು ಅವರ ಪದ್ಧತಿ. ಅದಕ್ಕೆ ನೀವೇನಂದ್ರಿ? ಯಾವ ಹೋದ ಸಲ, ನನಗೆ ಯಾರೂ ಫೋನೇ ಮಾಡಿಲ್ಲ, ಅಂದ್ರಾ? ...ಅನ್ನಲಿಲ್ವಾ? ಸುಮ್ಮನಿದ್ರಾ?

ಅಂದ್ರೆ ಬೆಳಿಗ್ಗೆಯಿಂದ ನಿಮಗೆ ಗೊತ್ತು. ನಾನು ಬಾಗಿಲು ತೆಗೆದು ಬಂದಾಗಲೂ ಗೊತ್ತಿತ್ತು. ಈ ಕ್ಲಾಸು, ಕೊನೇ ಸಾಲು, ಪಿಕ್ನಿಕ್ಕು, ಎಲ್ಲಾ ಕೇಳ್ತಾ ಕೂತಿದ್ರಿ. ಯಾವಾಗ ಬಾಯಿ ಬಿಡ್ತಾಳೆ ನೋಡೋಣ ಅಂತ.

ನಾನೇ ಅತ್ತೆ. ನಾನೇ ಹೇಳಿದ್ದು.

ಫೋನ್ ಬರೋ ದಿನ ನನಗೆ ಗೊತ್ತಿರುತ್ತಲ್ಲ, ದಿನ ಗೊತ್ತುಮಾಡೋಳೇ ನಾನು. ರೀಚಾರ್ಜ್ ಮಾಡಿಸ್ತೀನಿ ಅಂತ ನಿಮ್ಮ ಫೋನು ಬ್ಯಾಗಿಗೆ ಹಾಕ್ಕೊಂಡು ಹೋಗ್ತಿದ್ದೆ. ಆಫೀಸಿನ ಮೆಟ್ಟಿಲ ಹತ್ತಿರ ನಿಂತು ಮಾತಾಡ್ತಿದ್ದೆ. ಮೇಲಿನ ಮಹಡೀಲಿ ಕೂತ ಹುಡುಗಿ ಕೇಳೋಳು, ಕೆಳಗಿನ ಮಹಡೀಲಿ ನಿಂತ ನಾನು ಉತ್ತರ ಹೇಳೋಳು. ರಸ್ತೆ ಹೇಗಿದೆ, ಬೆಲೆ ಏರಿದೆಯಾ, ಯಾರಿಗೆ ವೋಟು... ಎಲ್ಲಾದಕ್ಕೂ. ಇವತ್ತು ಅವಸರದಲ್ಲಿ ಮರೆತೆ. ನಿಮ್ಮ ಫೋನು ಚಾರ್ಜರಿಗೆ ಹಾಕಿದ್ದು ಅಲ್ಲೇ ಉಳೀತು. ನೀವು ಎತ್ತಿದ್ರಿ.

ಮೋಸ ಮಾಡಬೇಕು ಅಂತಲ್ಲ! ಆ ಮಹರಾಯ ಗೆಲ್ಲಲಿ ಅಂತಲೂ ಅಲ್ಲ, ನನಗೇನು ಆತ ಮಾವನಾ? ನಿಮ್ಮ ಮನಸ್ಸು ನನಗೆ ಗೊತ್ತು ಅಂದ್ಕೊಂಡಿದ್ದೆ. ಅಷ್ಟೇ. ಪಾಪ, ಅತ್ತೆ ಯಾರ ತಂಟೆಗೂ ಹೋಗಲ್ಲ, ಇರೋರೇ ಇರಲಿ ಅನ್ನೋ ಜೀವ, ಮೇಷ್ಟ್ರಿಗೇ ಹಾಕ್ತಾರೆ ಅಂತ. ಅಕ್ಕಪಕ್ಕದ ರೂಮಲ್ಲಿ ಮಲಗ್ತೀವಿ. ಅತ್ತೆ, ನೀವು ಯಾರಿಗೆ ಹಾಕ್ತೀರಿ ಅಂತ ಒಂದು ಮಾತು ಕೇಳಬಹುದಿತ್ತು. ರಾಜ್ಯದ ಮೂಲೆಮೂಲೇಲಿ ಇರೋರನ್ನೆಲ್ಲ ಕೇಳಿಸ್ತೀನಿ. ಮನೇಲಿ ಇರೋರನ್ನ ಕೇಳಲಿಲ್ಲ. ಕೇಳಬೇಕು ಅಂತಲೇ ಹೊಳೀಲಿಲ್ಲ ನೋಡಿ ನನಗೆ... ನಾಚಿಕೆಯಾಗುತ್ತೆ.

ಕಿಟಕಿ ಕಡೆ ಯಾಕೆ ನೋಡ್ತೀರಿ? ಅದು ತೆಗೀಬಾರದು, ನಿಮಗೆ ಗಾಳಿ ಆಗಲ್ಲ...

ಆಗುತ್ತಾ?

ಅಯ್ಯೋ ಅತ್ತೆ. ಗಾಳಿ ಆಗುತ್ತಾ ನಿಮಗೆ?! ಮತ್ತೆ ಇಷ್ಟು ವರ್ಷ ಸೆಕೇಲಿ ಬೆವರ್ಕೊಂಡು... ತಾಳಿ, ಬೇಡ, ನೀವು ಏಳಬೇಡಿ, ನಾನೇ ತೆಗೀತೀನಿ. ತುಕ್ಕು ಹಿಡಿದಿದೆ ಇದು. ಬರ್ತಿಲ್ಲ... ಬಂತು. ಸಾಕಾ? ಇನ್ನೂ ತೆಗೀಲಾ? ನೋಡಿ, ಈಗಲೂ ನಾನೇ ಕೇಳಿ ನಾನೇ ಉತ್ತರ ಹೇಳೋ ಹಾಗೆ ಆಗ್ತಿದೆ. ನೀವೇ ಹೇಳಿ. ಇಲ್ಲ, ಕೈಯಲ್ಲೇ ತೋರಿಸಿ, ಪರವಾಗಿಲ್ಲ.

ಅತ್ತೆ.

ಫೋನು. ಬಡ್ಕೊಳ್ತಿದೆ ನಿಮ್ಮ ಫೋನು. ನಮ್ಮ ಆಫೀಸಿನ ನಂಬರೇ. ಎತ್ತಿ. ಹೂಂ, ಎತ್ತಿ... ನಾನು ಆಚೆ ಹೋಗ್ತೀನಿ ಬೇಕಾದ್ರೆ. ನಿಮಗೆ ಏನನ್ನಿಸುತ್ತೋ ಅದನ್ನೇ ಹೇಳಿ. ಲಾಯರಮ್ಮ ಅನ್ನಿ. ಕೆಲಸ ಹೋದ್ರೆ ಹೋಯ್ತು... ಅಯ್ಯೋ, ಹೋದ್ರೆ ಹೋಯ್ತು ಅಂತ ಬಾಯಲ್ಲಿ ಬರುತ್ತೆ, ಅಷ್ಟೇ. ಅಥವಾ... ಅಥವಾ ಒಂದೇ ಒಂದು ಸಲ ಮೇಷ್ಟ್ರು ಅಂದ್ಬಿಡ್ತೀರಾ? ನನಗೋಸ್ಕರ? ಇದೇ ಕೊನೆ, ನಿಮ್ಮಾಣೆ, ಇನ್ಯಾವತ್ತೂ...

ಯಾಕೆ? ನನಗ್ಯಾಕೆ ಕೊಡ್ತೀರಿ?

ಬೇಡ ಅತ್ತೆ. ನೀವೇ ಮಾತಾಡಿ. ನಿಮ್ಮ ಫೋನು ಅದು, ನಿಮ್ಮನ್ನೇ ಕೇಳೋಕೆ ಮಾಡ್ತಿದಾರೆ. ಹೀಗೆ ಕೈ ಚಾಚ್ಕೊಂಡು ಕೂರಬೇಡಿ, ಇದಕ್ಕಿಂತ ಕೆನ್ನೆಗೆ ಎರಡು ಬಿಟ್ಟಿದ್ರೆ ವಾಸಿಯಿತ್ತು. ನಾನೇ ಉತ್ತರ ಹೇಳ್ತಾ ಬಂದೆ, ಈಗಲೂ ನಾನೇ ಹೇಳಲಿ... ಅದೇ ತಾನೇ? ಅಯ್ಯೋ, ನಿಂತು ಹೋಗುತ್ತೆ ಅದು. ತಗೊಳ್ಳಿ ಅತ್ತೆ. ತಗೊಳ್ಳಿ...

ಕೊಡಿ.

ಹಲೋ... ಹೌದಮ್ಮ, ಅವರ ನಂಬರೇ... ಇಲ್ಲ, ನಾನು ಅವರಲ್ಲ. ಅವರ ಸೊಸೆ... ಹೌದು, ಬೆಳಿಗ್ಗೆ ಹೇಳಿದ್ದು ಅವರೇ, ಅದೇ ಸರಿ, ಹಾಗೇ ಇಟ್ಕೋ... ಹಿಂದಿನದಾ? ಹಿಂದಿನದು ಯಾವುದೂ ಅವರದ್ದಲ್ಲ... ಹೌದು ಪುಟ್ಟಿ, ನಾನೇ, ಮೇಡಮ್ಮೇ... ತಲೆನೋವಿಲ್ಲ. ಮನೇಲಿದೀನಿ, ಇದು ನನ್ನ ಮನೆ... ಹೂಂ. ಕೆಮ್ತಾ ಕೆಮ್ತಾ ನಿನ್ನ ಜೊತೆ ಮಾತಾಡ್ತಿದ್ದ ಆ ಅಜ್ಜೀನೂ ನಾನೇ.