ಕಾರ್ಡಿನ ಮೇಲಿನ ಸೋಮವಾರ

೧೯೭೨ರ ಬೇಸಿಗೆ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಹನೂರಿನ ಬಸ್ಸಿಗೆ ಕಾಯುತ್ತಿದ್ದೆ. ನನ್ನ ಪಕ್ಕದಲ್ಲಿ ಹಿರಿಯರೊಬ್ಬರು ಟ್ರಂಕಿನ ಮೇಲೆ ಕೂತಿದ್ದರು. ಅವರನ್ನು ಕಳಿಸಲು ಬಂದಿದ್ದ ಪುಟ್ಟಮಾದ ಎಂಬವನು ಕೂರಲೇ ಇಲ್ಲ. ರೇಷ್ಮೆ ಹುಳದ ಮೊಟ್ಟೆಗಳನ್ನು ಕಾಪಿಡುವ ತಣ್ಣನೆ ಕೋಣೆಯಲ್ಲಿ ಇಬ್ಬರಿಗೂ ಕೆಲಸವಂತೆ. ಹಿರಿಯರ ಕೆಲಸ ಈಗ ಹೋಗಿತ್ತು.

“ದೊಡ್ಡಸ್ವಾಮಣ್ಣ, ಕೋಣೆ ತಣ್ಣಗ್ ಮಾಡೋ ಮಿಸನ್ನು ಕೆಡುಸ್ದೋನು ನೀನಲ್ಲ.”

“ಮಾಳಿಗೆ ಮ್ಯಾಲೆ ಅದು ನಿಂತೋದಾಗ ಪಾಳೀಲಿ ನಾನೇ ಕಣ್ಲಾ ಇದ್ದದ್ದು.”

“ಸೋಮವಾರ ಬೆಲ್ಟು ನೋಡಿ, ಎಣ್ಣೆ ಬುಡಬೇಕಾಗಿದ್ದೋನು ನಾನು.”

“ನೋಡಿದೀನಿ ಅಂತ ಕಾರ್ಡಲ್ಲಿ ಗುರ್ತಾಕಿದ್ಯಲ್ಲ.”

“ಸೋಮವಾರದ ಗುರ್ತ ಶನಿವಾರವೇ ಆಕ್ಬುಟ್ಟಿದ್ದೆ. ಸೋಮವಾರ ಮಾಳಿಗೆ ಅತ್ತಲೇ ಇಲ್ಲ. ಬೆಲ್ಟು ಕಿತ್ತೋಗಿ, ಒತ್ತಿಗ್ ಮುಂಚೆ ಮೊಟ್ಟೆ ಒಡ್ದು ಉಳ ಎಲ್ಲಾ ಸತ್ತೋದ್ವು. ನಿನ್ ಕೆಲ್ಸಾನೂ ಓಯ್ತು.”

ಹಿರಿಯರು ಟವೆಲಿನಿಂದ ಮುಖ ಒರೆಸಿಕೊಂಡರು.

“ಗೊತ್ತಿತ್ತು ಕಣ್ಲಾ.”

“ಯಾರ್ ಯೋಳುದ್ರು?”

“ನೀನೇ. ಮಂಗಳವಾರ ಬೆಳಗ್ಗೆ ಮಾದಪ್ಪನ ಬೆಟ್ಟದ ಪ್ರಸಾದ ತಂದು ನನ್ ಕೈಗೆ ಕೊಟ್ಯಲ್ಲ. ಸೋಮವಾರ ಎಲ್ಲಿದ್ದೆ ಅಂತ ಅವಾಗ್ಲೇ ತಿಳೀತು.”

“ಮತ್ತೆ ಸಾಹೇಬ್ರ ಮುಂದೆ ಯಾಕಣ್ಣ ಯೋಳ್ನಿಲ್ಲ?”

“ತಿಂದ್ಬುಟ್ಟಿದ್ನಲ್ಲಾ. ಆ ಪ್ರಸಾದ ತಿಂದ ಬಾಯಲ್ಲೇ ನಿನ್ ಮ್ಯಾಲೆ ಎಂಗ್ ಯೋಳ್ಲಿ?”

ಹನೂರಿನ ಬಸ್ಸು ಬಂತು. ಟ್ರಂಕು ಎತ್ತಿಕೊಡಲು ಪುಟ್ಟಮಾದ ಬಗ್ಗಿದ. ಹಿರಿಯರು ಅವನ ಕೈ ಸರಿಸಿ, ತಾವೇ ಅದನ್ನು ಹೆಗಲಿಗೇರಿಸಿಕೊಂಡರು.

“ಬುಡು. ಇವತ್ತು ಸೋಮವಾರ. ನೀನು ಓಗಿ ಮಾಳಿಗೆ ಅತ್ತು.”